ಕ್ಷುದ್ರಗ್ರಹದ ಉತಾರ ಯಾರ ಹೆಸರಿನಲ್ಲಿದೆ?

ನನಗೊಂದು ದುರಭ್ಯಾಸವಿದೆ. ಯಾವ ವಿಷಯದಲ್ಲಿ ನನಗೆ ಏನೂ ತಿಳಿಯುವುದಿಲ್ಲವೋ ಆ ವಿಷಯವನ್ನು ಇಂಗ್ಲಿಷಿನಲ್ಲಿ ಮಾತಾಡಿಬಿಡುತ್ತೇನೆ. ಬೈಲಹೊಂಗಲದಂಥ ಊರಿನಲ್ಲಿ ಇದು ನಲವತ್ತು ವರ್ಷ ನಡೆದಿದೆ. ನಲ್ಲಿ ರಿಪೇರಿಗೆ ಬಂದವನೆದುರು ನಿಂತು, "ವಾಟ್ ಎಕ್ಸಾಕ್ಟ್ಲಿ ಈಸ್ ದ ಪ್ರಾಬ್ಲಮ್?" ಎಂದು ಕೇಳಿದರೆ ಸಾಕು, ಪಾಪ, ಅವನು ಹೆದರಿ ಎರಡು ವಾಷರ್ ಹೆಚ್ಚಿಗೆ ಹಾಕಿ ಹೋಗುತ್ತಿದ್ದ. ನನ್ನ ಗುಟ್ಟು ಗೊತ್ತಿದ್ದದ್ದು ನಮ್ಮ ಮನೆಯವರಿಗೆ ಮಾತ್ರ. ಬಂದ ಮಂದಿಯ ಮುಂದೆಯೇ, "ಇಕಿ ಇಂಗ್ಲಿಷ್ ಶುರು ಮಾಡಿದಳಂದ್ರ ಇಕಿಗೆ ಏನೂ ತಿಳದಿಲ್ಲಂತ ತಿಳಕೊಳ್ರಿ" ಎಂದು ನಗುತ್ತಿದ್ದರು. ಅವರು ಹೋಗಿ ಎಂಟು ವರ್ಷವಾಯಿತು. ಈಗ ನನ್ನನ್ನು ಹಿಡಿದು ಹಾಕುವವರಿಲ್ಲ. ಇದು ಸುಖವೋ ದುಃಖವೋ ಒಮ್ಮೊಮ್ಮೆ ತಿಳಿಯುವುದಿಲ್ಲ.

ಈ ಅಭ್ಯಾಸ ನನ್ನನ್ನು ಆಕಾಶದ ತನಕ ಕರೆದೊಯ್ದ ಸಂಗತಿಯನ್ನು ಹೇಳಬೇಕು. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಗಂಗವ್ವ ನೇಸರಗಿಯ ಹೊಲದಮನೆಯಲ್ಲಿದ್ದಾಳೆ. ಮೂವತ್ತು ವರ್ಷದಿಂದ ಬೆಲ್ಲದ ಗಾಣ ನಡೆಸುವವಳು. ಅವಳ ಮೊಮ್ಮಗಳು ಪಲ್ಲವಿ ನಮ್ಮ ಮನೆಯಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದಾಳೆ. ದೂರದ ಒಂದು ಸಂಸ್ಥೆಯವರು ವಿದ್ಯಾರ್ಥಿಗಳಿಗೆ ಸ್ಪರ್ಧೆ ಇಟ್ಟಿದ್ದರು. ಭೂಮಿಯ ಹತ್ತಿರ ಸುಳಿದಾಡುವ ಕ್ಷುದ್ರಗ್ರಹವೊಂದರಲ್ಲಿ ಗಣಿಗಾರಿಕೆ ಮಾಡುವುದಾದರೆ ಹೇಗೆ, ಖರ್ಚೆಷ್ಟು, ಲಾಭ ಎಲ್ಲಿಂದ, ಎಂದು ಆರು ಪುಟದ ಯೋಜನೆ ಬರೆಯಬೇಕು, ಭಾನುವಾರ ಬೆಳಿಗ್ಗೆ ಆನ್‌ಲೈನಿನಲ್ಲಿ ಹತ್ತು ನಿಮಿಷ ಮಂಡಿಸಬೇಕು. ಆಯ್ಕೆಯಾದವರಿಗೆ ಬೇಸಿಗೆಯಲ್ಲಿ ಆರು ವಾರ ಅವರ ಪ್ರಯೋಗಾಲಯದಲ್ಲಿ ಕೆಲಸ. ಹೋದ ವರ್ಷ ಪಲ್ಲವಿ ಇದೇ ಸ್ಪರ್ಧೆಯಲ್ಲಿ ಮೊದಲ ಸುತ್ತಿಗೇ ಬಿದ್ದಿದ್ದಳು. ಇದು ಅವಳ ಕೊನೆಯ ವರ್ಷ, ಮತ್ತೆ ಅವಕಾಶವಿಲ್ಲ. "ದೊಡ್ಡಾಯಿ, ಈ ಸಲ ಆಗಲಿಲ್ಲಂದ್ರ ನಾ ಟೆಲಿಸ್ಕೋಪಿನ ಮುಖಾ ಕಪಾಟಿನ ಗ್ಲಾಸಿನಾಗ ನೋಡೂದ ಆಗತೈತ್ರಿ" ಎಂದಳು. ಅವರ ಕಾಲೇಜಿನ ಟೆಲಿಸ್ಕೋಪು ಕಪಾಟಿನಲ್ಲಿದೆ, ಕಪಾಟಿಗೆ ಬೀಗವಿದೆ, ಕೀಲಿಕೈ ಮಾತ್ರ ಯಾರಲ್ಲಿದೆ ಎಂದು ಗೊತ್ತಿಲ್ಲ.

ನಾನು ಕನ್ನಡಕ ಒರೆಸಿಕೊಂಡು, "ಡೋಂಟ್ ವರಿ, ಮೈ ಡಿಯರ್. ಲೀವ್ ಇಟ್ ಟು ಮಿ" ಎಂದೆ. ಇಂಗ್ಲಿಷ್ ಶುರುವಾಯಿತೆಂದರೆ ಏನರ್ಥ ಎಂದು ಮೇಲೆ ಹೇಳಿದ್ದೇನೆ.

ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಒಬ್ಬ ಸಿಸ್ಟರ್ ನಕ್ಷತ್ರಗಳ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿಸಿದ್ದರು. ಎಷ್ಟು ಚಂದದ ಹೆಸರುಗಳು! ಅವು ಆಕಾಶದಲ್ಲಿ ಎಲ್ಲಿವೆ ಎಂದು ಮಾತ್ರ ತೋರಿಸಲಿಲ್ಲ, ಏಕೆಂದರೆ ಏಳು ಗಂಟೆಗೆ ಪ್ರೇಯರ್, ಎಂಟಕ್ಕೆ ಬಾಗಿಲು. ನಾನು ಅಸ್ಟ್ರಾನಮಿ ಓದುತ್ತೇನೆಂದು ಅಪ್ಪನಿಗೆ ಪತ್ರ ಬರೆದಿದ್ದೆ. ಅಪ್ಪ ಮರುಟಪಾಲಿನಲ್ಲಿ ವರನ ಫೋಟೋ ಕಳಿಸಿದರು. ಫೋಟೋ ಚೆನ್ನಾಗಿತ್ತು, ಹೀಗಾಗಿ ವಾದ ಮಾಡಲಿಲ್ಲ. ಆದರೂ ಪಲ್ಲವಿಯ ಕಾಗದಗಳನ್ನು ಕೈಗೆ ತೆಗೆದುಕೊಂಡಾಗ, ಐವತ್ತು ವರ್ಷ ತಡವಾಗಿಯಾದರೂ ಬಸ್ಸು ಬಂತಲ್ಲ ಎನಿಸಿದ್ದು ನಿಜ.

ಪಲ್ಲವಿಯ ಪಟ್ಟಿಯಲ್ಲಿ ಎರಡು ಕಲ್ಲುಗಳು ಉಳಿದಿದ್ದವು. ಒಂದು ಲೋಹದ್ದು. ಅದರಲ್ಲಿ ಪ್ಲಾಟಿನಂ ಇದೆ, ಆದರೆ ಅದರ ದಾರಿ ಓರೆ, ತಲುಪಲು ಬಹಳ ಇಂಧನ ಬೇಕು. ಇನ್ನೊಂದು ಕಪ್ಪು ಕಲ್ಲು, ಜೇಡಿಮಣ್ಣಿನಂಥದ್ದು. ಅದರಲ್ಲಿ ಹಿಡಿದಿಟ್ಟ ನೀರು ಬಿಟ್ಟರೆ ಹೇಳಿಕೊಳ್ಳುವಂಥದ್ದೇನಿಲ್ಲ. ನಾನು ಕ್ಷಣವೂ ಯೋಚಿಸದೆ ಪ್ಲಾಟಿನಂ ಎಂದೆ. ನೀರು ತರಲು ಆಕಾಶಕ್ಕೆ ಯಾರಾದರೂ ಹೋಗುತ್ತಾರೆಯೇ? ನವಿಲುತೀರ್ಥದ ಡ್ಯಾಮು ಇಲ್ಲೇ ಇದೆಯಲ್ಲ. ಎರಡೇ ದಿನದಲ್ಲಿ ಅಂಥ ಒಂದು ಮುನ್ನುಡಿ ಬರೆದೆ ಎಂದರೆ, ಓದುತ್ತಾ ನನ್ನ ಕಣ್ಣೇ ಒದ್ದೆಯಾಯಿತು. ಯೋಜನೆಗಿಂತ ಮುನ್ನುಡಿ ಅರ್ಧ ಪುಟ ಹೆಚ್ಚಾಯಿತು ಎಂದು ಪಲ್ಲವಿ ಮೆಲ್ಲಗೆ ಹೇಳಿದಳು. "ಕಟ್ ದ ಯೋಜನೆ" ಎಂದೆ.

ಶನಿವಾರ ಮಧ್ಯಾಹ್ನ ಗಂಗವ್ವ ನೇಸರಗಿಯ ಬಸ್ಸಿಳಿದು, ಮೊಣಕಾಲು ಹಿಡಿದುಕೊಂಡು, ಎರಡು ಬೆಲ್ಲದ ಪೆಂಟೆ ಮತ್ತು ಒಂದು ಚೀಲ ಶೇಂಗಾ ಸಮೇತ ಬಂದಳು. ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯತೊಡಗಿದಳು. ಪಲ್ಲವಿ ಕನ್ನಡದಲ್ಲಿ ಅರ್ಥ ಹೇಳುತ್ತ ನಮ್ಮ ಯೋಜನೆಯನ್ನು ಓದಿ ತೋರಿಸಿದಳು. ಗಂಗವ್ವ ಎಲ್ಲವನ್ನೂ ಕೇಳಿ ಮೊದಲು ಕೇಳಿದ್ದು ಇದು:

"ಆ ಕಲ್ಲಿನ ಉತಾರ ಯಾರ ಹೆಸರ್ಲೆ ಐತಿ?"

ನಮ್ಮ ಕಡೆ ಹೊಲದ ಹಕ್ಕಿನ ಕಾಗದಕ್ಕೆ ಉತಾರ ಅನ್ನುತ್ತಾರೆ. ಉತಾರ ನೋಡದೆ ಗಂಗವ್ವ ಯಾರ ಬದುವಿನ ಮೇಲೂ ಕಾಲಿಡುವವಳಲ್ಲ.

"ಯಾರ ಹೆಸರ್ಲೂ ಇಲ್ಲ ಆಯಿ. ಆಕಾಶದಾಗಿನ ಕಲ್ಲು ಯಾವ ದೇಶದ್ದೂ ಅಲ್ಲಂತ ಒಪ್ಪಂದ ಐತಿ. ತಗದ ಮಾಲು ತಗದವರದಂತ ಕೆಲವು ದೇಶದಾಗ ಕಾನೂನ ಮಾಡ್ಯಾರ."

"ಹಂಗಂದ್ರ ಮಂದಿ ಹೊಲಾ ಲಾವಣಿಗೆ ಮಾಡಿದಂಗ. ನೆಲಾ ನಮ್ಮದಲ್ಲ, ಪೀಕು ನಮ್ಮದು. ಅದನ್ನ ಮೊದಲ ಬರಿಯವಾ. ಈ ಚಂದಪ್ಪನ ವರ್ಣನಾ ಆಮ್ಯಾಲ."

ಚಂದಪ್ಪನ ವರ್ಣನೆ ನನ್ನ ಮುನ್ನುಡಿಯಲ್ಲಿತ್ತು. "ಗಂಗವ್ವ, ದಿಸ್ ಈಸ್ ಸ್ಪೇಸ್ ಸೈನ್ಸ್. ಕಬ್ಬಿನ ಗದ್ದಿ ಅಲ್ಲ" ಎಂದೆ.

"ಹೌದ್ರಿ ಅಕ್ಕಾರ, ನನಗೇನ ತಿಳೀತೈತ್ರಿ" ಎಂದು ಎರಡು ಶೇಂಗಾ ಬಾಯಿಗೆ ಹಾಕಿಕೊಂಡು ಮೊಮ್ಮಗಳ ಕಡೆ ತಿರುಗಿದಳು. "ಅದೇನೋ ಪ್ಲಾಟಿನಂ ಅಂದೆಲ್ಲ, ಅಷ್ಟೂ ಒಂದ ದಿನ ತಂದು ಪ್ಯಾಟ್ಯಾಗ ಸುರುವಿದ್ರ ದರಾ ನಿಲ್ಲತೈತೇನ? ಉಳ್ಳಾಗಡ್ಡಿ ಕಥಿ ನೋಡಿಲ್ಲೇನ ನೀ? ಹೋದ ಗಾಡಿ ಬಾಡಿಗಿನೂ ಹುಟ್ಟಂಗಿಲ್ಲ."

ಪಲ್ಲವಿಯ ಪೆನ್ನು ನಿಂತಿತು.

"ಇನ್ನ ಆ ಕರೇ ಕಲ್ಲು? ಅದಕ್ಕ ರಸ್ತಾ ಹೆಂಗೈತಿ?"

"ಅದಕ್ಕ ಇಂಧನ ಕಡಿಮಿ ಸಾಕು ಆಯಿ. ಅದು ಸುತ್ತೋ ದಾರಿ ನಮ್ಮ ಭೂಮಿ ದಾರಿಗೆ ಹೊಂದಿಕೊಂಡಂಗನ ಐತಿ. ಆದರ ಬರೇ ನೀರು."

"ನೀರು ಬ್ಯಾಡಾದವ್ರು ಯಾರ ಅದಾರ? ಮ್ಯಾಲ ಯಾರಿಗಾರ ಬೇಕಾಗತೈತೇನ?"

ಆಗ ಪಲ್ಲವಿ ಎದ್ದೇ ನಿಂತಳು. ನೀರನ್ನು ಒಡೆದರೆ ಜಲಜನಕ, ಆಮ್ಲಜನಕ. ಅವೇ ರಾಕೆಟ್ಟಿನ ಇಂಧನ. ಭೂಮಿಯಿಂದ ಒಂದೊಂದು ಲೀಟರನ್ನು ಮೇಲೆ ಹೊರುವುದೇ ದೊಡ್ಡ ಖರ್ಚು. ಅಲ್ಲೇ ತೆಗೆದು, ಅಲ್ಲೇ ಒಡೆದು, ಅಲ್ಲಿರುವ ಉಪಗ್ರಹಗಳಿಗೇ ಮಾರಿದರೆ ಕೆಳಗೆ ತರುವ ಮಾತೇ ಇಲ್ಲ.

"ಅದನ್ನ ನಾ ಹೇಳೂದು" ಎಂದಳು ಗಂಗವ್ವ. "ನಾವೇನ ಕಬ್ಬು ಹೊತ್ತು ಪ್ಯಾಟಿಗೆ ಒಯ್ತೇವಿ? ಹೊಲದಾಗ ಕುದಿಸಿ ಬೆಲ್ಲಾ ಮಾಡಿ ಒಯ್ತೇವಿ. ಸಿಪ್ಪಿ ಅಲ್ಲೇ ಒಲಿಗೆ."

ಆಕಾಶದ ಸೂರ್ಯನೇ ಒಲೆ ಎಂದು ಪಲ್ಲವಿ ಆಗಲೇ ಬರೆದುಕೊಳ್ಳುತ್ತಿದ್ದಳು. ನಾನು ಚಹಾ ಮಾಡಲು ಒಳಗೆ ಹೋದೆ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಅದಕ್ಕೆ ಕಾರಣ ಮತ್ಸರವಲ್ಲ, ಗ್ಯಾಸು ದೊಡ್ಡದಾಗಿತ್ತು.

ಚಹಾ ಕುಡಿದ ಮೇಲೆ ಪಲ್ಲವಿ ನನ್ನ ಪಕ್ಕ ಬಂದು ಕುಳಿತಳು. "ದೊಡ್ಡಾಯಿ, ಪ್ಲಾಟಿನಂ ಬಿಡೂಣೇನ್ರಿ? ನೀವು ಎಷ್ಟ ಕಷ್ಟಾ ಪಟ್ಟೀರಿ..." ಎಂದಳು. ನಾನು ಬೇಡ ಅಂದಿದ್ದರೆ ಅವಳು ಪ್ಲಾಟಿನಂ ಇಟ್ಟುಕೊಂಡೇ ಹೋಗುತ್ತಿದ್ದಳು. ಆ ಹುಡುಗಿಯ ಸ್ವಭಾವವೇ ಅಂಥದ್ದು. ಆ ಒಂದು ನಿಮಿಷ ನನ್ನ ಮುನ್ನುಡಿಯನ್ನೂ ಅವಳ ಮುಖವನ್ನೂ ನೋಡುತ್ತ ಕುಳಿತೆ. ಆಮೇಲೆ ಮುನ್ನುಡಿಯನ್ನು ಮಡಚಿ ಮಸಾಲೆ ಡಬ್ಬಿಯ ಕೆಳಗಿಟ್ಟೆ.

ಸಂಜೆಯ ತನಕ ಗಂಗವ್ವನ ಮಾತನ್ನು ಇಂಗ್ಲಿಷಿಗೆ ತಿರುಗಿಸುವುದೇ ನನ್ನ ಕೆಲಸವಾಯಿತು. ಶಾಲೆಯಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು ನಾನು, ಹಮಾಲಿ ಎಂಬ ಒಂದು ಮಾತಿಗೆ ಅರ್ಧ ಗಂಟೆ ತಿಣುಕಿದೆ. ಕಾನ್ವೆಂಟಿನಲ್ಲಿ ನಮಗೆ ಡ್ಯಾಫೊಡಿಲ್ ಹೂವಿನ ಬಗ್ಗೆ ಬಹಳ ಹೇಳಿಕೊಟ್ಟಿದ್ದರು, ಮೂಟೆ ಇಳಿಸುವವರ ಬಗ್ಗೆ ಏನೂ ಹೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಪಲ್ಲವಿ ಲ್ಯಾಪ್‌ಟಾಪಿನ ಮುಂದೆ ಕುಳಿತಳು. ನಾನು ಕ್ಯಾಮೆರಾಕ್ಕೆ ಕಾಣದಂತೆ ಪಕ್ಕದಲ್ಲಿ, ಗಂಗವ್ವ ಅಡುಗೆಮನೆಯ ಹೊಸ್ತಿಲಲ್ಲಿ. ಹತ್ತು ನಿಮಿಷ ಚೆನ್ನಾಗಿಯೇ ಸಾಗಿತು. ಒಡೆತನದ ಪ್ರಶ್ನೆಗೆ ಲಾವಣಿ ಹೊಲದ ಉತ್ತರ ಕೊಟ್ಟಳು, ದರದ ಪ್ರಶ್ನೆಗೆ ಉಳ್ಳಾಗಡ್ಡಿಯನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಕೊನೆಗೆ ತೀರ್ಪುಗಾರರಲ್ಲಿ ಹಿರಿಯರೊಬ್ಬರು, "ಅಲ್ಲಿಗೆ ಹೋದ ಯಂತ್ರ ಕೆಟ್ಟು ನಿಂತರೆ? ಮುಂದಿನ ಅವಕಾಶ ಬರಲು ವರ್ಷಗಳೇ ಬೇಕಲ್ಲ?" ಎಂದು ಕೇಳಿದರು. ಪಲ್ಲವಿ ಹಾಳೆಗಳನ್ನು ತಿರುವಿಹಾಕಿದಳು. ಆ ಪ್ರಶ್ನೆ ನಮ್ಮ ಆರು ಪುಟಗಳಲ್ಲೆಲ್ಲೂ ಇರಲಿಲ್ಲ. ನಾನು ತಟ್ಟನೆ ಒಂದು ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಕಂಟಿಂಜೆನ್ಸಿ' ಎಂದು ಇಂಗ್ಲಿಷಿನಲ್ಲಿ ಬರೆದು ಎತ್ತಿ ಹಿಡಿದೆ. ಅದನ್ನೋದಿದ ಹುಡುಗಿಯ ಮುಖ ಇನ್ನಷ್ಟು ಬಿಳಿಚಿತು.

"ದೊಡ್ಡದೊಂದ ಬ್ಯಾಡ, ಸಣ್ಣವು ಎರಡ ಕಳಸಂತ ಹೇಳಲೇ!" ಹೊಸ್ತಿಲಿನಿಂದ ಗಂಗವ್ವನ ದನಿ. ಗಾಣದ ಸದ್ದಿನ ಮೇಲೆ ಕೂಗಿ ರೂಢಿಯಾದ ದನಿ ಅದು, ಮೈಕಿಗೆ ಕೇಳದಿರುತ್ತದೆಯೇ?

ಆ ಹಿರಿಯರಿಗೆ ಕನ್ನಡ ಬರುತ್ತಿತ್ತು. "ಯಾರಮ್ಮಾ ಅದು? ಹೊರಗಿನವರು ಹೇಳಿಕೊಡುವಂತಿಲ್ಲ, ಗೊತ್ತಲ್ಲ?" ಎಂದರು. ನನ್ನ ಕೈಯಲ್ಲಿದ್ದ ಹಾಳೆ ತನ್ನಷ್ಟಕ್ಕೆ ಕೆಳಗಿಳಿಯಿತು. ಆರು ವಾರದ ಪ್ರಯೋಗಾಲಯ ಹೋಯಿತೆಂದೇ ತಿಳಿದೆ. ಪಲ್ಲವಿ ತಲೆಯೆತ್ತಿ ಹೇಳಿದಳು: "ನಮ್ಮ ಆಯಿ ಸರ್. ಸುಗ್ಗಿಯೊಳಗ ಎಂಜಿನ್ ನಿಂತರ ಕಬ್ಬಿನ ಹಾಲು ಹುಳಿ ಆಗತೈತಿ, ಅದಕ್ಕ ಅವರು ಯಾವಾಗಲೂ ಎರಡು ಇಡತಾರ್ರಿ. ನಂಗ ಈ ಉತ್ತರ ಹೊಳೀಲಿಲ್ಲ ಸರ್. ಇದಕ್ಕ ಮಾರ್ಕ್ಸ್ ಕೊಡಬ್ಯಾಡ್ರಿ. ಆದರ ಉತಾರ, ದರಾ ಎಲ್ಲಾ ಅವರು ಕೇಳಿದ್ದಕ್ಕನ ನಾ ಲೆಕ್ಕಾ ಹಾಕೇನಿ."

ಅತ್ತ ಕಡೆ ತೀರ್ಪುಗಾರರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಆಮೇಲೆ ಆ ಹಿರಿಯರು ಆ ಒಂದು ಪ್ರಶ್ನೆಗೆ ಅಂಕ ಕೊಡುವುದಿಲ್ಲವೆಂದೂ, ಉಳಿದದ್ದಕ್ಕೆ ಯಾರು ಯಾರು ಏನೇನು ಸಹಾಯ ಮಾಡಿದರೆಂದು ಒಂದು ಫಾರ್ಮು ತುಂಬಿ ಎಲ್ಲರ ಸಹಿ ಹಾಕಿಸಿ ಕಳಿಸಬೇಕೆಂದೂ ಹೇಳಿದರು. ಆ ಸಂಜೆಯೇ ಪಲ್ಲವಿ ಫಾರ್ಮು ತಂದಳು. "ದೊಡ್ಡಾಯಿ, ನಿಮ್ಮದು ಏನಂತ ಬರೀಲ್ರಿ?" ಎಂದಳು. "ಓಹ್, ವಾಟೆವರ್ ಈಸ್ ಅಪ್ರೋಪ್ರಿಯೇಟ್" ಎಂದು ದೊಡ್ಡತನದಿಂದ ಕೈಬೀಸಿ, ಕನ್ನಡಕವಿಲ್ಲದೆಯೇ ಸಹಿ ಮಾಡಿದೆ.

ಶುಕ್ರವಾರ ಪತ್ರ ಬಂತು. ಆಯ್ಕೆಯಾದವರ ಪಟ್ಟಿಯ ಕಟ್ಟಕಡೆಯ ಹೆಸರು ಪಲ್ಲವಿಯದು. ಅವಳು ಕುಣಿದದ್ದಕ್ಕೆ ಪಡಸಾಲೆಯ ಫ್ಯಾನು ಅಲ್ಲಾಡಿತು. ಗಂಗವ್ವ ಫೋನಿನಲ್ಲಿ, "ಹೋಗುವಾಗ ಬೆಲ್ಲಾ ಒಯ್ಯಲೇ, ಆ ಸರ್‌ಗೂ ಒಂದ ಪೆಂಟಿ" ಎಂದಳು. ಕಾಗದಗಳನ್ನು ಫೈಲಿಗೆ ಹಾಕಿಡಲು ನನ್ನ ಕೈಗೆ ಕೊಟ್ಟಾಗ ಆ ಫಾರ್ಮಿನ ಪ್ರತಿಯೂ ಅದರಲ್ಲಿತ್ತು. ಈ ಸಲ ಕನ್ನಡಕ ಹಾಕಿಕೊಂಡೇ ಓದಿದೆ. ಗಂಗವ್ವನ ಹೆಸರಿನ ಮುಂದೆ: ಅರ್ಥಶಾಸ್ತ್ರ, ಸಾಗಣೆ, ಒಡೆತನ. ನನ್ನ ಹೆಸರಿನ ಮುಂದೆ: ಟೈಪಿಂಗ್.

ಫಾರ್ಮನ್ನು ಫೈಲಿಗೆ ಸೇರಿಸಿಬಿಟ್ಟೆ. ಆರು ಪುಟಗಳಲ್ಲಿ ನಾಲ್ಕನ್ನು ಪಲ್ಲವಿಯೇ ಟೈಪ್ ಮಾಡಿದ್ದಳು. ಫಲಿತಾಂಶ ಬಂದಾಗಿದೆ, ಇನ್ನು ಆ ಮಾತನ್ನೆತ್ತಿ ತೀರ್ಪುಗಾರರನ್ನು ಸಂಶಯಕ್ಕೆ ಏಕೆ ದೂಡಬೇಕು?