ಮೂರನೇ ಸೂಜಿಯ ಪಥ್ಯ

ಹೇಳಿಕೊಳ್ಳಲು ಸ್ವಂತದ್ದೇನೂ ಇಲ್ಲದವನು ಮನೆಯವರ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತಾನೆ. ನಾನು ಆ ಪೈಕಿ. ಎಂಬತ್ತರ ದಶಕದ ಕೊನೆಯಲ್ಲಿ ವಿಜಯನಗರದ ನಮ್ಮ ಬೀದಿಯಲ್ಲಿ ನನಗೆ ಎರಡು ಹೆಮ್ಮೆಗಳಿದ್ದವು. ಕಾಮಾಲೆಗೆ ಪಥ್ಯ ಹೇಳುವುದರಲ್ಲಿ ಹೊಸಹಳ್ಳಿಯವರೆಗೂ ಹೆಸರಾಗಿದ್ದ ನನ್ನ ಅಮ್ಮ ಒಂದು. ಕಾಮಾಲೆ ತಡೆಯುವ ಲಸಿಕೆಯನ್ನು ಬೀದಿಗೆಲ್ಲ ಮೊದಲು ಹಾಕಿಸಿಕೊಂಡ ಒಂಬತ್ತನೇ ಕ್ಲಾಸಿನ ಮಗಳು ಸುಧಾ ಇನ್ನೊಂದು. ಈ ಎರಡೂ ಹೆಮ್ಮೆಗಳು ನಮ್ಮ ಅಡುಗೆಮನೆಯಲ್ಲೇ ಡಿಕ್ಕಿ ಹೊಡೆದವು.

ಲಸಿಕೆ ತರಿಸಿದವರು ಎದುರು ಕ್ಲಿನಿಕ್ಕಿನ ಲೇಡಿ ಡಾಕ್ಟರು. ರಕ್ತದಿಂದ, ಸರಿಯಾಗಿ ಕುದಿಸದ ಸೂಜಿಯಿಂದ ಅಂಟಿ ಲಿವರನ್ನೇ ಹಾಳುಮಾಡುವ ಕಾಮಾಲೆಗೆ ಅವರು ಸ್ವಂತ ತಮ್ಮನನ್ನು ಕಳೆದುಕೊಂಡಿದ್ದರು. "ಹೈಸ್ಕೂಲ್ ಮಕ್ಕಳಿಗೆಲ್ಲ ಹಾಕಿಸ್ಬಿಡೋಣ ಸಾರ್. ಮೂರು ಸಲ ಹಾಕಿಸ್ಬೇಕು, ಮೂರನೇದು ಮಾತ್ರ ತಪ್ಪಿಸ್ಬಾರ್ದು" ಎಂದಿದ್ದರು.

ಅಮ್ಮ ಲಸಿಕೆ ಬೇಡವೆನ್ನಲಿಲ್ಲ. "ಕಾಮಾಲೆ ಸೂಜಿ ಅಂದ್ಮೇಲೆ ಕಾಮಾಲೆ ಪಥ್ಯ ಬೇಡ್ವೇನೋ?" ಎಂದಳು, ಅಷ್ಟೇ. ವಾರಗಟ್ಟಲೆ ಎಣ್ಣೆಯಿಲ್ಲ, ಒಗ್ಗರಣೆಯಿಲ್ಲ, ಬರೀ ಮಜ್ಜಿಗೆ ಅನ್ನ. ಎರಡೆರಡು ಅಡುಗೆ ಯಾರು ಮಾಡುತ್ತಾರೆಂದು ಹೆಂಡತಿ ನನಗೂ ಅದನ್ನೇ ಬಡಿಸಿದಳು. ಬೀದಿಯ ತಾಯಂದಿರೆಲ್ಲ ಅಮ್ಮನನ್ನು ಕೇಳಿಕೊಂಡು ಹೋಗಿ ತಮ್ಮ ಮನೆಗಳಲ್ಲೂ ಬಾಣಲೆ ಕವುಚಿಟ್ಟರು. ನಾನು ಆಫೀಸಿನಲ್ಲಿ ಸಪ್ಪೆ ಡಬ್ಬಿಯನ್ನು ಪದಕದ ಹಾಗೆ ತೆರೆದು ತೋರಿಸುತ್ತಿದ್ದೆ.

ಎರಡನೇ ಸೂಜಿಗೂ ಇದೇ ಕಥೆ. ತಿಂಗಳುಗಳು ಕಳೆದು ಮೂರನೆಯದರ ಹೊತ್ತಿಗೆ ಮಕ್ಕಳು ಮುಷ್ಕರ ಹೂಡಿದರು. "ಸೂಜಿಗೆ ಹೆದ್ರಲ್ಲ ಆಂಟಿ, ಆ ಮಜ್ಜಿಗೆ ಅನ್ನ ಮಾತ್ರ ಆಗಲ್ಲ" ಎಂದರಂತೆ. ಡಾಕ್ಟರು ನಮ್ಮ ಮನೆಗೇ ಬಂದರು.

"ಅಮ್ಮಾ, ಇದಕ್ಕೆ ಪಥ್ಯಾನೇ ಇಲ್ಲ. ಮಕ್ಕಳು ಬರ್ತಾ ಇಲ್ಲ. ನನ್ನ ತಮ್ಮನ ವಿಷ್ಯ ನಿಮಗೆ ಗೊತ್ತಲ್ಲ."

ಹೇಳಿದ ಪಥ್ಯವನ್ನು ಅಮ್ಮ ಜನ್ಮದಲ್ಲಿ ಹಿಂತೆಗೆದುಕೊಂಡವಳಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದಳು: "ಪಥ್ಯ ಇಲ್ಲ ಅಂದ್ರೆ ಯಾರೂ ನಂಬಲ್ಲ ಕಣಮ್ಮ. ಪಥ್ಯ ಬದಲಾಗಿದೆ ಅಂತೀನಿ."

ಭಾನುವಾರ ಬೆಳಿಗ್ಗೆ ನಮ್ಮ ಜಗಲಿಗೆ ಸೀಮೆಎಣ್ಣೆ ಸ್ಟೌ ಬಂತು. ಮೂರನೇ ಸೂಜಿಗೆ ಕರಿದದ್ದೇ ಪಥ್ಯವೆಂದು ಸಾರಿ ಅಮ್ಮ ಅಂಬೊಡೆ ಕರಿಯಲು ಕುಳಿತಳು. ವಾಸನೆ ಬೀದಿಯ ತುದಿ ಮುಟ್ಟಿತು. ಪಕ್ಕದಲ್ಲೇ ಡಾಕ್ಟರು ಸೂಜಿ ಹಿಡಿದು ಕುಳಿತರು. ಒಂದು ಮಗುವೂ ತಪ್ಪಿಸಲಿಲ್ಲ. ಡಾಕ್ಟರು ಕಣ್ಣೊರೆಸಿಕೊಂಡರು. ನನಗೆ ಅಮ್ಮನ ಬಗ್ಗೆ ಅಂದು ಆದಷ್ಟು ಹೆಮ್ಮೆ ಇನ್ನೆಂದೂ ಆಗಿಲ್ಲ.

ಆಗಲೇ ಡಾಕ್ಟರು, "ಒಂದು ಲಸಿಕೆ ಉಳಿದಿದೆ. ದೊಡ್ಡೋರೂ ಶುರು ಮಾಡ್ಬಹುದು ಸಾರ್" ಎಂದರು.

"ನಾನಿನ್ನೂ ಹಳೇ ಪಥ್ಯದಲ್ಲಿದೀನಿ ಡಾಕ್ಟ್ರೇ" ಎಂದೆ. ಬಾಯಲ್ಲಿ ಅಂಬೊಡೆಯಿತ್ತು.

"ಸುಧಾ, ನಿಮ್ಮಪ್ಪನ ಕೈ ಗಟ್ಟಿಯಾಗಿ ಹಿಡ್ಕೊಳ್ಳೇ" ಎಂದಳು ಅಮ್ಮ.

ಮನೆಯವರ ಬಗ್ಗೆ ಹೇಳಿಕೊಳ್ಳುವ ಚಟ ಮಗಳಿಗೂ ಬಂದಿದೆ. ಅಂದು ಸೂಜಿ ಚುಚ್ಚುವ ಮೊದಲೇ ಕಿರುಚಿದವರು ಬೀದಿಗೆಲ್ಲ ತನ್ನಪ್ಪ ಒಬ್ಬರೇ ಎಂದು ಅವಳು ಈಗಲೂ ಹೆಮ್ಮೆಯಿಂದ ಹೇಳುತ್ತಾಳೆ.