ಮೂರನೇ ಪಂಕ್ತಿ

ಊಟದಲ್ಲಿ ಯಾರನ್ನು ಯಾರ ಜೊತೆ ಕೂರಿಸಬೇಕು ಎಂಬ ಪ್ರಶ್ನೆ ದೇಶದ ಗಡಿ ಗುರುತಿಸುವಷ್ಟೇ ಗಹನವಾದದ್ದು. ಗಡಿ ತಪ್ಪಿದರೆ ಸೈನ್ಯ ಬರುತ್ತದೆ, ಎಲೆ ತಪ್ಪಿದರೆ ಎಲೆಯ ಮುಂದಿದ್ದವನು ಎದ್ದು ಹೋಗುತ್ತಾನೆ. ಸೈನ್ಯವಾದರೂ ಒಂದು ದಿನ ವಾಪಸಾದೀತು. ಎಲೆ ಬಿಟ್ಟು ಎದ್ದವನ ಮೊಮ್ಮಕ್ಕಳೂ ಆ ಮನೆಯ ಕಡೆ ತಲೆ ಹಾಕುವುದಿಲ್ಲ.

ಹುತ್ತೂರಿನ ಕೋದಂಡರಾಮಪ್ಪನ ಮಗಳ ಮದುವೆಯ ಬೀಗರ ಊಟದ ದಿನ ಈ ಹೊಣೆ ಅವನ ಅಕ್ಕನ ಮಗ ಕದಿರೇಶನ ತಲೆಗೆ ಬಿತ್ತು. ಆಗ ಎಂಬತ್ತಾರನೇ ಇಸವಿ. ಕದಿರೇಶ ಕಂಪ್ಯೂಟರ್ ಇಂಜಿನಿಯರಿಂಗ್ ಓದುತ್ತಿದ್ದ. ಊರಲ್ಲಿ ಯಾರೂ, ಅವನನ್ನೂ ಸೇರಿಸಿ, ಕಂಪ್ಯೂಟರನ್ನು ಹತ್ತಿರದಿಂದ ಕಂಡಿರಲಿಲ್ಲ. ಅವನನ್ನು ಎರಡು ಸಲ ಮಕಾಡೆ ಕೆಡವಿದ್ದು ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್ ಎಂಬ ವಿಷಯ. ಗುಂಪು, ಉಂಗುರ, ಚುಕ್ಕಿ, ಗೆರೆ ಎಂದು ಹೆಸರು ಕೇಳಿದರೆ ಬಾಲವಾಡಿಯ ಪಾಠ, ಬಿಡಿಸಲು ಕೂತರೆ ಕಣ್ಣು ಕತ್ತಲೆ. ಮೂರನೇ ಸಲ ಪರೀಕ್ಷೆ ಕಟ್ಟಲು ನಾಳೆಯೇ ಕಡೇ ದಿನ. ಅಪ್ಪ ದೊಡ್ಡವೆಂಕಟಪ್ಪ 'ಓದಿದ್ದು ಸಾಕು' ಎಂದು ತೀರ್ಪು ಕೊಟ್ಟಾಗಿತ್ತು. ಆ ಮನುಷ್ಯ ಭೂಮಿಯ ಮೇಲೆ ಯಾರದಾದರೂ ಮಾತು ಕೇಳುತ್ತಿದ್ದರೆ ಅದು ಬಾಮೈದ ಕೋದಂಡರಾಮಪ್ಪನದು ಮಾತ್ರ.

ಬೆಳಗ್ಗೆಯೇ ಕದಿರೇಶ ಮಾವನ ಮುಂದೆ ನಿಂತ. "ಮಾವ, ಅಪ್ಪನಿಗೆ ಒಂದ್ ಮಾತು ಹೇಳು."

"ಏನಂತ ಹೇಳ್ಲಿ? ಎರಡ್ ಸಲ ಡುಮ್ಕಿ ಹೊಡ್ದಿದ್ದೀಯ. ಆ ವಿದ್ಯೆ ಯಾವ ಕೆಲ್ಸಕ್ಕೆ ಬರ್ತೈತೆ ಅಂದ್ರೆ ನನ್ನ ಹತ್ರ ಉತ್ತರ ಇರ್ಬೇಕಲ್ಲ."

ಮುಳುಗುವವನಂತೆ ಬಾಯಿಗೆ ಬಂದದ್ದನ್ನು ಕದಿರೇಶ ಆಡಿಬಿಟ್ಟ. "ಯಾರನ್ನ ಯಾರ ಜೊತೆ ಕೂರಿಸ್ಬಾರ್ದು ಅನ್ನೋದಕ್ಕೂ ಅದ್ರಲ್ಲಿ ಲೆಕ್ಕ ಇದೆ ಮಾವ."

ಕೋದಂಡರಾಮಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. ಹುತ್ತೂರಿನಲ್ಲಿ ಮಾತು ಬಿಟ್ಟವರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಪದ್ಧತಿ ಇಲ್ಲ. ಅರ್ಧ ಊರು ಇನ್ನರ್ಧದ ಜೊತೆ ಮಾತು ಬಿಟ್ಟಿತ್ತು.

"ಹಂಗಾದ್ರೆ ಇವತ್ತು ನೀನೇ ಕೂರ್ಸು. ಮುಳಬಾಗಿಲಿಂದ ಬೀಗ್ರು ಬರ್ತವ್ರೆ. ಅವರ ಮುಂದೆ ಗಲಾಟೆ ಇಲ್ದೆ ಊಟ ಮುಗೀತು ಅಂದ್ರೆ ಸಾಯಂಕಾಲವೇ ಭಾವನ ಹತ್ರ ಮಾತಾಡ್ತೀನಿ. ಒಬ್ಬ ಎದ್ದು ಹೋದ್ರೂ ನನ್ನ ಕಣ್ಣಿಗೆ ಬೀಳ್ಬೇಡ."

ಕದಿರೇಶ ಇದ್ದಿಲ ಚೂರು ಹಿಡಿದು ಅಡುಗೆಮನೆಯ ಜಗಲಿಯ ಮೇಲೆ ಕೂತ. ಮಾವನ ಹೆಂಡತಿ ಭಾರತಮ್ಮ ಈರುಳ್ಳಿ ಹೆಚ್ಚುತ್ತಾ ಊರಿನ ಜಗಳಗಳನ್ನು ಹೇಳತೊಡಗಿದಳು. ಒಬ್ಬೊಬ್ಬರಿಗೆ ಒಂದೊಂದು ಚುಕ್ಕಿ, ಮಾತು ಬಿಟ್ಟವರ ನಡುವೆ ಒಂದು ಗೆರೆ. ಗೆರೆ ಇದ್ದವರನ್ನು ಬೇರೆ ಬೇರೆ ಪಂಕ್ತಿಗೆ ಹಾಕಿದರೆ ಮುಗಿಯಿತು. ಮುಂದಿನ ಚಪ್ಪರದಲ್ಲಿ ಒಂದು ಪಂಕ್ತಿ, ಹಿತ್ತಿಲಲ್ಲಿ ಒಂದು, ಎರಡೂ ಒಟ್ಟಿಗೇ; ಎರಡನೇ ಸರದಿಗೆ ಕಾಯುವುದನ್ನು ಹುತ್ತೂರಿನಲ್ಲಿ ಯಾರೂ ಸಹಿಸರು. ಮುಕ್ಕಾಲು ಊರು ಎರಡರಲ್ಲಿ ಹಿಡಿಸಿತು. ಕದಿರೇಶನಿಗೆ ಜೀವಮಾನದಲ್ಲಿ ಮೊದಲ ಸಲ ಒಂದು ಲೆಕ್ಕ ಬಿಡಿಸಿಕೊಂಡಂತೆ ಕಂಡಿತು.

"ಗಂಗುಲಪ್ಪನಿಗೂ ಮುನಿಕೃಷ್ಣಪ್ಪನಿಗೂ ಆಗಲ್ಲ ಕಣೋ, ಹುಂಜದ ವಿಷ್ಯ," ಅಂದಳು ಭಾರತಮ್ಮ. "ಗಂಗುಲಪ್ಪನಿಗೂ ನಿಮ್ಮಪ್ಪನಿಗೂ ಆಗಲ್ಲ, ಹಿಪ್ಪುನೇರಳೆ ಕಡ್ಡಿ ವಿಷ್ಯ."

"ಸರಿ. ಅಪ್ಪ, ಮುನಿಕೃಷ್ಣಪ್ಪ ಒಂದ್ಕಡೆ, ಗಂಗುಲಪ್ಪ ಒಂದ್ಕಡೆ."

"ಅದೆಂಗಾಯ್ತದೆ? ನಿಮ್ಮಪ್ಪನೂ ಮುನಿಕೃಷ್ಣಪ್ಪನೂ ಮಾತಾಡಿ ಹತ್ತು ವರ್ಷ ಆಯ್ತು."

"ಯಾಕತ್ತೆ?"

"ಅವ್ರಿಗೇ ಮರ್ತೋಗೈತೆ. ಆದ್ರೂ ಮಾತಿಲ್ಲ."

ಮೂರನೇ ಗೆರೆ ಎಳೆದಾಗ ಜಗಲಿಯ ಮೇಲೆ ಒಂದು ತ್ರಿಕೋನ ಬಾಯಿ ತೆರೆದು ಕೂತಿತು. ತ್ರಿಕೋನ ಇದ್ದಮೇಲೆ ಎರಡು ಪಂಕ್ತಿ ಸಾಲದು, ಮೂರು ಬೇಕೇ ಬೇಕು. ಪರೀಕ್ಷೆಯಲ್ಲಿ ಇದನ್ನೇ ಸಾಧಿಸಿ ಎಂದು ಕೇಳಿದಾಗ ಹಾಳೆ ಖಾಲಿ ಬಿಟ್ಟು ಬಂದಿದ್ದ. ಈಗ ಸಾಧನೆ ಇದ್ದಿಲಲ್ಲಿ ತಾನಾಗಿ ಮೂಡಿತ್ತು.

ಉಳಿದಿದ್ದ ಜಾಗ ರೇಷ್ಮೆ ಹುಳು ಸಾಕುವ ಮನೆ ಒಂದೇ. ಹುಳು ಇರಲಿಲ್ಲ, ಆದರೆ ನಿನ್ನೆ ತಾನೆ ಕಣ್ಣುರಿಸುವ ಫಾರ್ಮಲಿನ್ ಔಷಧಿ ಹೊಡೆದಿದ್ದರು. ಅಲ್ಲಿಗೆ ಯಾರು? ಗಂಗುಲಪ್ಪ ಗಂಡಿನ ಕಡೆಗೆ ದೂರದ ನೆಂಟ. ಮುನಿಕೃಷ್ಣಪ್ಪ ಹಾಲಿನ ಡೇರಿಯ ಅಧ್ಯಕ್ಷ. ಉಳಿದವನು ಅಪ್ಪ. ನಮ್ಮವನೇ, ಸುಧಾರಿಸಿಕೊಳ್ಳುತ್ತಾನೆ. ಚುಕ್ಕಿಗಳಲ್ಲಿ ದೊಡ್ಡದು ಚಿಕ್ಕದು ಇಲ್ಲ ಎಂದು ಪುಸ್ತಕ ಹೇಳಿತ್ತು. ಹೆಣ್ಣು ತಂದ ಮನೆಯಲ್ಲಿ ಅಳಿಯನೆಂಬ ಚುಕ್ಕಿ ಮಿಕ್ಕ ಚುಕ್ಕಿಗಳಂತಲ್ಲ ಎಂದು ಪುಸ್ತಕ ಬರೆದವನಿಗೆ ಯಾರೂ ಹೇಳಿದಂತಿರಲಿಲ್ಲ.

ಮಧ್ಯಾಹ್ನ ಬೀಗರ ವ್ಯಾನು ಬಂತು. "ಅಪ್ಪ, ನಿನಗೆ ಒಳಗಡೆ, ಬೇರೆ ಜಾಗ," ಎಂದು ಕದಿರೇಶ ಅಪ್ಪನನ್ನು ಕರೆದೊಯ್ದ. ವಿಶೇಷ ಮರ್ಯಾದೆ ಇರಬೇಕೆಂದು ದೊಡ್ಡವೆಂಕಟಪ್ಪ ಹೆಗಲ ಟವೆಲು ಸರಿಮಾಡಿಕೊಂಡು ಕೂತ. ಪಕ್ಕದ ಎಲೆಯ ಮುಂದೆ ಒಬ್ಬ ಅಪರಿಚಿತನಿದ್ದ.

"ಬೀಗರ ಪೈಕಿ ಏನಪ್ಪ?"

"ಇಲ್ಲಣ್ಣ, ಡ್ರೈವರು. ನೀವ್ ಯಾವ ಗಾಡಿ ತಂದಿದ್ದೀರ?"

ಬಾಗಿಲ ಸಂದಿಯಲ್ಲಿ ನಿಂತಿದ್ದ ಕದಿರೇಶನಿಗೆ ಅಪ್ಪನ ಬೆನ್ನೂ ಒಂದು ಕೆನ್ನೆಯೂ ಮಾತ್ರ ಕಾಣುತ್ತಿದ್ದವು. ಆ ಬೆನ್ನು ಬಿಸಿಯಾದ ಹೆಂಚಿನಂತೆ ಬಿಗಿದುಕೊಂಡಿತು. ಈಗ ಎದ್ದ, ಇನ್ನೇನು ಎದ್ದ ಎಂದು ಅವನು ಕಾದ. ಅಪ್ಪ ಏಳಲಿಲ್ಲ; ಎದ್ದರೆ ಡ್ರೈವರನ ಪಕ್ಕ ಕೂತದ್ದು ಊರಿಗೆಲ್ಲ ತಿಳಿಯುತ್ತದಲ್ಲ. ಬಿಸಿ ಮುದ್ದೆಯ ಹಬೆಗೆ ಫಾರ್ಮಲಿನ್ ಘಾಟು ಸೇರಿ ಅಪ್ಪನ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

ಸುದ್ದಿ ಚಪ್ಪರಕ್ಕೆ ಹೋಯಿತು. ಗಂಗುಲಪ್ಪ ಎಂಜಲು ಕೈಯಲ್ಲೇ ನೋಡಿ ನಗಲು ಬಂದ. ಹಿತ್ತಿಲಿಂದ ಮುನಿಕೃಷ್ಣಪ್ಪನೂ ಅದೇ ಕೆಲಸಕ್ಕೆ ಬಂದ. ಒಂದೇ ಬಾಗಿಲಲ್ಲಿ ಇಬ್ಬರು. ಕದಿರೇಶ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ.

ಇಬ್ಬರೂ ಒಳಗೆ ಇಣುಕಿದರು. ಹತ್ತು ವರ್ಷದ ಶತ್ರು ಡ್ರೈವರನ ಪಕ್ಕ ಕೂತು ಕಣ್ಣೀರು ಸುರಿಸುತ್ತಾ ಮುದ್ದೆ ಮುರಿಯುತ್ತಿದ್ದ.

"ಅಯ್ಯೋ, ಅಳ್ತಾವ್ನಲ್ಲಯ್ಯ," ಅಂದ ಗಂಗುಲಪ್ಪ, ಯಾರಿಗೆ ಹೇಳುತ್ತಿದ್ದೇನೆಂಬುದನ್ನು ಮರೆತು.

"ಅಳ್ದೆ ಏನ್ಮಾಡ್ತಾನೆ? ಮನೆ ಅಳಿಯನ್ನ ಹುಳು ಮನೇಲಿ ಕೂರಿಸೋದಾ?" ಅಂದ ಮುನಿಕೃಷ್ಣಪ್ಪ, ಯಾರಿಗೆ ಉತ್ತರ ಕೊಡುತ್ತಿದ್ದೇನೆಂಬುದನ್ನು ಮರೆತು.

ಒಳಗೆ ಹೋದಮೇಲೆ ಅವರ ಕಣ್ಣಲ್ಲೂ ನೀರು ಬಂತು. ಒಬ್ಬರ ಕಣ್ಣೀರು ಕಂಡು ಇನ್ನೊಬ್ಬರು ಕರಗಿದರು. "ಪೋನೀಲೇ ಬಾವಾ, ಹಳೇದೆಲ್ಲ ಬಿಡು," ಎಂದು ಅರ್ಧ ತೆಲುಗಿನಲ್ಲಿ ಗಂಗುಲಪ್ಪ ದೊಡ್ಡವೆಂಕಟಪ್ಪನ ಭುಜ ತಬ್ಬಿದ. ಇಬ್ಬರೂ ತಮ್ಮ ಎಲೆಗಳನ್ನು ಅಲ್ಲಿಗೇ ತರಿಸಿಕೊಂಡರು. ಡ್ರೈವರನೂ ಕಣ್ಣೊರೆಸಿಕೊಂಡ.

ಊಟ ಮುಗಿದು ಮೂವರೂ ಹೆಗಲಿಗೆ ಹೆಗಲು ಕೊಟ್ಟು ಹೊರಬಂದಾಗ ಕೋದಂಡರಾಮಪ್ಪ ಎಲೆಅಡಿಕೆ ತಟ್ಟೆ ಹಿಡಿದವನು ಹಾಗೇ ನಿಂತುಬಿಟ್ಟ. ನಿಮ್ಮೂರಲ್ಲಿ ಎಂಥ ಒಗ್ಗಟ್ಟು ಎಂದು ಬೀಗರು ಹೊಗಳಿ ವ್ಯಾನು ಹತ್ತಿದರು.

"ಲೇ ಕದಿರೇಶ, ಗೆದ್ದೆ ಕಣೋ. ನಿನ್ನ ವಿದ್ಯೆ ಸುಮಾರಿನದಲ್ಲ," ಎಂದು ಮಾವ ಬೆನ್ನು ತಟ್ಟಿದ. "ತಡಿ, ಈಗ್ಲೇ ಭಾವನ ಹತ್ರ ಮಾತಾಡ್ತೀನಿ. ನಾಳೆ ಬೆಳಗ್ಗೆ ಬಸ್ ಹತ್ತು."

ಕದಿರೇಶ ಬಸ್ಸಿನ ಹೊತ್ತು ಲೆಕ್ಕ ಹಾಕತೊಡಗಿದ. ಮಾವ ಅರಳೀಕಟ್ಟೆಯ ಕಡೆ ನಡೆದ. ಮೂವರೂ ಅಲ್ಲಿ ಕೂತಿದ್ದರು. ಮಾವ ಬಾಗಿ ಏನೋ ಅಂದ. ಅಪ್ಪ ಮುಖವನ್ನು ಗಂಗುಲಪ್ಪನ ಕಡೆ ತಿರುಗಿಸಿ ಏನೋ ಹೇಳಿದ. ಗಂಗುಲಪ್ಪ ಅದನ್ನು ಮಾವನಿಗೆ ಹೇಳಿದ. ಅಷ್ಟರಲ್ಲಿ ಮುನಿಕೃಷ್ಣಪ್ಪ ಎದ್ದು ಮಾವನಿಗೆ ಬೆನ್ನು ಹಾಕಿ ಕೂತ.

ಮಾವ ವಾಪಸು ಬಂದಾಗ ತಟ್ಟೆಯ ಎಲೆಅಡಿಕೆ ಹಾಗೇ ಇತ್ತು.

"ಏನಂದ್ರು ಮಾವ?"

"ನನಗೇನೂ ಅನ್ಲಿಲ್ಲ. ಇನ್ಮೇಲೆ ಅನ್ನೋದೂ ಇಲ್ವಂತೆ. ಮೂವರೂ ನನ್ನ ಹತ್ರ ಮಾತು ಬಿಟ್ಟವ್ರೆ." ಕೋದಂಡರಾಮಪ್ಪ ಚಪ್ಪರದ ಕಂಬಕ್ಕೆ ಒರಗಿದ. "ಭಾವನ್ನ ಹುಳು ಮನೇಲಿ ಕೂರ್ಸಿದ್ದು ಯಾರ್ಲಾ?"

ಕದಿರೇಶ ಜಗಲಿಗೆ ಹೋಗಿ ಇದ್ದಿಲಲ್ಲಿ ಮಾವನಿಗೂ ಒಂದು ಚುಕ್ಕಿ ಇಟ್ಟು ಮೂರು ಗೆರೆ ಎಳೆದ. ಆ ಸಲ ಅವನು ಪರೀಕ್ಷೆ ಕಟ್ಟಲಿಲ್ಲ.