ಸ್ವೆಟರಣ್ಣನ ನಾಲ್ಕು ಗಂಟೆಯ ಕರೆ

‘ಆಗಲ್ಲ’ ಅನ್ನುವ ಮಾತೊಂದು ಬಾಯಿಗೆ ಬಂದಿದ್ದರೆ ಸ್ವೆಟರಣ್ಣ ಈ ಫಜೀತಿಗೆ ಸಿಕ್ಕಿಕೊಳ್ಳುತ್ತಿರಲಿಲ್ಲ. ಕಚೇರಿಯ ವಿಡಿಯೊ ಕರೆಗಳೆಲ್ಲ ಹಾದುಹೋಗುವ ಸರ್ವರ್ ಅವನ ಸುಪರ್ದಿಯಲ್ಲಿತ್ತು. ಯಾರ ಕರೆ ಯಾರಿಗೆ ಹೋಗಬೇಕು ಅಂತ ಅದಕ್ಕೆ ನಿಯಮ ಬರೆದು ಕೊಡುವುದೇ ಅವನ ಕೆಲಸ. ಯಂತ್ರಕ್ಕೆ ಸೆಕೆಯಾಗಬಾರದೆಂದು ಆ ಕೋಣೆಯಲ್ಲಿ ದಿನವಿಡೀ ಏಸಿ. ಒಂಬತ್ತು ವರ್ಷ ಅದರ ಪಕ್ಕ ನಡುಗುತ್ತ ಕೂತಿದ್ದಕ್ಕೆ ಸಿಕ್ಕಿದ್ದು ಈ ಅಡ್ಡಹೆಸರೊಂದೇ.

ಅವತ್ತು ಸಂಜೆ ನಾಲ್ಕಕ್ಕೆ ಪ್ರಧಾನ ಕಚೇರಿಯವರು ವಿಡಿಯೊದಲ್ಲೇ ಅವನ ಸಂದರ್ಶನ ಮಾಡುವವರಿದ್ದರು. ಪಾಸಾದರೆ ಸಂಪರ್ಕ ವಿಭಾಗದ ಮುಖ್ಯಸ್ಥ. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುವ ಹಾಗೆ, ಹೆಂಡತಿ ಬೀದಿಗೆಲ್ಲ ಸುದ್ದಿ ಹಂಚಿ ಮುಗಿಸಿದ್ದಳು.

ಬೆಳಿಗ್ಗೆಯೇ ಮ್ಯಾನೇಜರು ಬಾಗಿಲಲ್ಲಿ ಇಣುಕಿದರು. “ಪ್ರಧಾನ ಕಚೇರಿಯಿಂದ ಯಾವ ಕರೆ ಬಂದ್ರೂ ಇವತ್ತು ಸಿಬ್ಬಂದಿ ವಿಭಾಗದ ಅಕ್ಕನಿಗೆ ತಿರುಗಿಸಯ್ಯ. ವರದಿ ಕೇಳ್ತಾರೆ, ನಾನಿನ್ನೂ ಒಂದಕ್ಷರ ಬರೆದಿಲ್ಲ. ಗುಟ್ಟಾಗಿರ್ಲಿ.”

ಅವರು ಹೋದ ಬೆನ್ನಿಗೇ ಅಕ್ಕ ಬಂದಳು. “ನಂಗೆ ತಲೆ ಸಿಡೀತಿದೆ ಕಣೋ. ನನ್ ಕರೆಯೆಲ್ಲ ಸ್ಟೋರಿನ ಮಾಮನಿಗೆ ಕಳ್ಸು. ಅವರಿಗೇನು, ನಿದ್ದೆ ತಾನೇ ಮಾಡೋದು?”

ಮಾಮನಿಗೆ ನಿದ್ದೆಯೇ ಮುಖ್ಯವಾಗಿತ್ತು. “ನಂದು ಮ್ಯಾನೇಜರಿಗೆ ಹೋಗ್ಲಪ್ಪ. ದೊಡ್ಡ ಕುರ್ಚಿ ಮತ್ಯಾಕೆ?”

ಮೂವರಿಗೂ ‘ಆಯ್ತು’ ಅಂದು ಬರೆದು ಮುಗಿಸಿದ ಮೇಲೆ ಸ್ವೆಟರಣ್ಣ ಹಣೆ ಚಚ್ಚಿಕೊಂಡ. ಮ್ಯಾನೇಜರಿಂದ ಅಕ್ಕ, ಅಕ್ಕನಿಂದ ಮಾಮ, ಮಾಮನಿಂದ ಮತ್ತೆ ಮ್ಯಾನೇಜರು! ಕರೆ ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಮೂರು ಸುತ್ತಾದ ಮೇಲೆ ಗೇಟಿನ ವಾಚ್‌ಮನ್‌ಗೆ ಹೋಗಲಿ ಅಂತ ಇನ್ನೊಂದು ನಿಯಮ ಸೇರಿಸಿದ. ಬಂದವರ ಮುಖ ನೋಡಲು ಅಲ್ಲೂ ಒಂದು ಪುಟ್ಟ ಪರದೆಯಿತ್ತು.

ಉಳಿದದ್ದು ಅವನ ಸ್ವಂತದ್ದು: ನಾಲ್ಕರ ಕರೆ ನೇರ ತನಗೇ ಬರಬೇಕು. ಸರ್ವರ್ ಪಟ್ಟಿಯನ್ನು ಮೇಲಿಂದ ಓದುತ್ತದೆ. ಮೊದಲು ಯಾವ ನಿಯಮ ಹೊಂದುತ್ತದೋ ಅದನ್ನೇ ಪಾಲಿಸುತ್ತದೆ, ಕೆಳಗಿನದ್ದನ್ನು ತಿರುಗಿಯೂ ನೋಡುವುದಿಲ್ಲ. ಹಾಗಾಗಿ ತನ್ನದನ್ನು ಎಲ್ಲಕ್ಕಿಂತ ಮೇಲೆ ಬರೆದ. ಅಷ್ಟರಲ್ಲಿ ಹೆಗಲ ಹಿಂದೆ ಮ್ಯಾನೇಜರು ಕೆಮ್ಮಿದರು.

“ಏನಯ್ಯ, ನನ್ ಹೆಸರಿನ ತಲೆ ಮೇಲೆ ನಿನ್ ಹೆಸರು! ಸೀನಿಯಾರಿಟಿ ಅನ್ನೋದು ಬೇಡ್ವಾ?”

“ಅಯ್ಯೋ, ತಪ್ಪಾಯ್ತು ಸಾರ್!” ಸ್ವೆಟರಣ್ಣ ತನ್ನದನ್ನು ತಳಕ್ಕೆ ಇಳಿಸಿದ. ಮೂರೂ ಮುಕ್ಕಾಲಿಗೆ ಗುಟ್ಟಾಗಿ ಮೇಲೇರಿಸಿದರಾಯಿತು ಅಂದುಕೊಂಡ.

ಮೂರೂ ಮುಕ್ಕಾಲಿಗೆ ಅವನ ಕತ್ತು ಮಾಮನ ಕೈಯಲ್ಲಿತ್ತು. “ಟೈ ಹೀಗಾ ಕಟ್ಟೋದು? ತಾ ಇಲ್ಲಿ!” ಮಾಮ ಹಾಕಿದ ಗಂಟಿಗೆ ಕಣ್ಣುಗುಡ್ಡೆ ಹೊರಗೆ ಬಂತು. “ಹಲ್ಲು ಕಾಣೋ ಹಾಗೆ ನಗು,” ಅಂತ ಅಕ್ಕ. “ಅಷ್ಟೊಂದು ಬೇಡ, ಕೆಲಸ ಕೊಡೋರು ಹೆದರ್ತಾರೆ,” ಅಂತ ಮಾಮ. ಕತ್ತರಿ ತಂದು ಗಂಟು ಕತ್ತರಿಸುವಷ್ಟರಲ್ಲಿ ನಾಲ್ಕು ಹೊಡೆಯಿತು. ಸ್ವೆಟರಣ್ಣ ಓಡಿಹೋಗಿ ಪರದೆಯ ಮುಂದೆ ನಗುತ್ತ ಕೂತ.

ಕಾಲು ಗಂಟೆ ನಕ್ಕ. ದವಡೆ ನೋಯತೊಡಗಿದಾಗ, ತನ್ನ ನಿಯಮ ಇನ್ನೂ ಪಟ್ಟಿಯ ತಳದಲ್ಲೇ ಇರುವುದು ನೆನಪಾಯಿತು. ಸರ್ವರಿನ ದಾಖಲೆ ತೆಗೆದು ನೋಡಿದರೆ ಕರೆ ಮ್ಯಾನೇಜರು, ಅಕ್ಕ, ಮಾಮ ಅಂತ ಮೂರು ಸುತ್ತು ಹೊಡೆದಿತ್ತು. ಕೊನೆಯ ಸಾಲು: ಗೇಟು, ಮಾತುಕತೆ ಹನ್ನೆರಡು ನಿಮಿಷ.

ಬಿದ್ದು ಎದ್ದು ಗೇಟಿಗೆ ಓಡಿದ. ವಾಚ್‌ಮನ್ ಟೋಪಿ ಸರಿಮಾಡಿಕೊಳ್ಳುತ್ತಿದ್ದ.

“ಯಾರೋ ದೊಡ್ಡೋರು ಸಾರ್, ಪಾಪ, ತುಂಬಾ ಒಳ್ಳೇ ಜನ. ‘ಅಲ್ಲಿ ಕರೆ ಬಂದ್ರೆ ಯಾರು ನೋಡ್ಕೊಳ್ತಾರೆ’ ಅಂದ್ರು. ‘ಯಾರೂ ಎತ್ತದೇ ಇದ್ರೆ ನಾನೇ ಸಾರ್’ ಅಂದೆ. ನನ್ ಹೆಸರು ಬರ್ಕೊಂಡ್ರು.”

ಐದಕ್ಕೆ ಆದೇಶ ಬಂತು. ಮ್ಯಾನೇಜರು ಬೆವರುತ್ತ ಎಲ್ಲರೆದುರು ಓದಿದರು: ಅಭ್ಯರ್ಥಿ ಗೈರುಹಾಜರು. ಇಡೀ ಕಚೇರಿಯಲ್ಲಿ ಕರೆ ಸ್ವೀಕರಿಸಿದವರು ಒಬ್ಬರೇ ಆದ್ದರಿಂದ, ವಾಚ್‌ಮನ್‌ರನ್ನು ಸಂಪರ್ಕ ವಿಭಾಗದ ಮುಖ್ಯಸ್ಥರನ್ನಾಗಿ ನೇಮಿಸಲಾಗಿದೆ.

ಸ್ವೆಟರಣ್ಣನಿಗೆ ಅಳುವೇ ಬಂತು. ಮನೆಗೆ ಯಾವ ಮುಖ ಹೊತ್ತು ಹೋಗುವುದು? ತನ್ನ ಕೋಣೆಗೆ ಹೋಗಿ ತಲೆ ತಗ್ಗಿಸಿ ಕೂತ. ಸ್ವಲ್ಪ ಹೊತ್ತಿಗೆ ಹೊಸ ಮುಖ್ಯಸ್ಥ ಬಂದು ಹೆಗಲ ಮೇಲೆ ಕೈಯಿಟ್ಟ.

“ಬೇಜಾರು ಮಾಡ್ಕೋಬೇಡಿ ಸಾರ್. ನಿಮ್ಮ ಬಗ್ಗೆ ಮೇಲಿನೋರಿಗೆ ಒಳ್ಳೇ ಮಾತು ಹೇಳಿದ್ದೀನಿ. ಅವರೂ ಒಪ್ಪಿದ್ರು.”

ಸ್ವೆಟರಣ್ಣನಿಗೆ ಹೋದ ಜೀವ ಬಂದ ಹಾಗಾಯಿತು. “ಹೌದಾ! ಏನಂತ ಹೇಳಿದ್ರಿ?”

“ಒಂಬತ್ತು ವರ್ಷದಿಂದ ಕೂತ ಜಾಗ ಬಿಟ್ಟು ಎದ್ದೋರಲ್ಲ, ಯಾರು ಏನ್ ಹೇಳಿದ್ರೂ ಎದುರಾಡಲ್ಲ ಅಂತ. ನಾಳೆಯಿಂದ ಗೇಟು ನಿಮ್ದೇ.”